ಬೇಕನ್ ಚೀಸ್ ಡಿಪ್ ಕೈ ಕೊಟ್ಟಾಗ ಮೊದಲು ಬಟ್ಟಲಿನ ಅಂಚು ನೋಡಿ

ಬೇಕನ್ ಅಂದರೆ ಉಪ್ಪು ಹಾಕಿ ಹದ ಮಾಡಿದ ಹಂದಿ ಮಾಂಸದ ಪಟ್ಟಿ; ಅದನ್ನು ಚೀಸ್ ಜೊತೆ ಕಲಸಿ ಚಿಪ್ಸ್, ಬ್ರೆಡ್ ಅದ್ದಿ ತಿನ್ನುವುದೇ ಈ ಡಿಪ್. ಅದು ಕೆಟ್ಟಿತು ಅಂತ ಗೊತ್ತಾದ ಕೂಡಲೇ ಎಲ್ಲರೂ ಮಾಡುವುದು ಒಂದೇ. ಹಾಲು ಸುರಿಯುತ್ತಾರೆ. ಸರಿಹೋಗಲಿಲ್ಲ ಅಂದರೆ ಒಂದು ಚಮಚ ಮೈದಾ ಹಾಕುತ್ತಾರೆ. ಆಮೇಲೆ ಉರಿ ಜಾಸ್ತಿ ಮಾಡಿ ಗರಗರ ತಿರುಗಿಸುತ್ತಾರೆ. ಈ ಮೂರೂ ಕೆಲಸ ಮಾಡಿದ ಮೇಲೆ ಡಿಪ್ ಉಳಿಸುವುದು ತುಂಬಾ ಕಷ್ಟ. ಏನು ಕೆಟ್ಟಿದೆ ಅಂತ ಅಷ್ಟು ಹೊತ್ತಿಗೂ ಯಾರೂ ನೋಡಿರುವುದಿಲ್ಲ.

ಪುಣೆಯಲ್ಲಿ ಡಿಸೆಂಬರ್ ಬಂದರೆ ನಮ್ಮ ಕನ್ನಡದವರ ಮನೆಗಳಲ್ಲಿ ಟೆರೇಸ್ ಪಾರ್ಟಿ ಶುರು. ಧಾರವಾಡ, ಬೆಳಗಾವಿಯವರು ಇರುತ್ತಾರೆ, ಕೊಡಗಿನವರು, ಮಂಗಳೂರಿನವರು ಇರುತ್ತಾರೆ. ಹಂದಿ ಮಾಂಸದ ಅಡುಗೆ ಗೊತ್ತಿರುವ ಕೈಗಳಿಗೇನೂ ಕೊರತೆ ಇಲ್ಲ. ಆದರೆ ಪಂದಿ ಕರಿ ಮಾಡಿ ಪಳಗಿದ ಕೈಗೇ ಈ ಡಿಪ್ ಜಾಸ್ತಿ ಕಾಟ ಕೊಡುವುದನ್ನು ನೋಡಿದ್ದೇನೆ, ಮತ್ತು ಅದಕ್ಕೆ ಕಾರಣ ಇದೆ. ಪಂದಿ ಕರಿ ಎಷ್ಟು ಕುದಿದರೂ ಚೆನ್ನಾಗೇ ಆಗುತ್ತದೆ, ಕೊನೆಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಬಿದ್ದರೆ ಇನ್ನೂ ರುಚಿ. ಚೀಸ್‌ಗೆ ಜೋರು ಕುದಿಯೂ ಆಗುವುದಿಲ್ಲ, ಬಿಸಿಯಲ್ಲಿ ಬಿದ್ದ ಹುಳಿಯೂ ಆಗುವುದಿಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ಈ ಡಿಪ್‌ನ ಹೆಚ್ಚಿನ ತೊಂದರೆಗಳಿಗೆ ಮೂಲ ಎರಡೇ: ಶಾಖ ಜಾಸ್ತಿಯಾಗಿರುತ್ತದೆ, ಇಲ್ಲವಾದರೆ ನೀರು ಜಾಸ್ತಿಯಾಗಿರುತ್ತದೆ. ಯಾವುದು ಅಂತ ಕಂಡುಹಿಡಿಯುವವರೆಗೆ ಏನೂ ಹಾಕಬೇಡಿ. ಒಲೆ ಆರಿಸಿ, ಎರಡು ನಿಮಿಷ ಸುಮ್ನೆ ಬಿಡಿ, ಆಮೇಲೆ ಬಟ್ಟಲಿನ ಅಂಚು ನೋಡಿ. ಅಂಚಿನಲ್ಲಿ ಹಳದಿ ಎಣ್ಣೆಯ ಗೆರೆ ನಿಂತಿದ್ದರೆ ಅದು ಶಾಖದ ತಪ್ಪು. ಬೆಳ್ಳಗಿನ, ಮಜ್ಜಿಗೆ ನೀರಿನಂಥ ದ್ರವ ನಿಂತಿದ್ದರೆ ನೀರಿನ ಕಡೆಯ ತೊಂದರೆ. ಚಮಚದಲ್ಲಿ ಸ್ವಲ್ಪ ತೆಗೆದು ಬಿಳಿ ತಟ್ಟೆಯ ಮೇಲೆ ಹಾಕಿ ಓರೆ ಮಾಡಿದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಮುಂದೆ ಹೋಗುವ ಮೊದಲು ಅಳತೆ ಹೇಳಿಬಿಡುತ್ತೇನೆ, ಯಾಕಂದರೆ ಕೆಳಗಿನದೆಲ್ಲ ಇದನ್ನೇ ಹಿಡಿದು ಬರೆದದ್ದು. 8-10 ಜನಕ್ಕೆ: ಕ್ರೀಮ್ ಚೀಸ್ 225 ಗ್ರಾಂ, ಸೋರ್ ಕ್ರೀಮ್ (ಹುಳಿ ಬಂದ ಕೆನೆ) ಅಥವಾ ಚಕ್ಕಾ (ನೀರು ಇಳಿಸಿದ ಗಟ್ಟಿ ಮೊಸರು) 120 ಗ್ರಾಂ, ಚೆಡ್ಡಾರ್ 100 ಗ್ರಾಂ, ಮಾಮೂಲಿ ಪ್ರೊಸೆಸ್ಡ್ ಚೀಸ್ 50 ಗ್ರಾಂ, ಹಸಿ ಬೇಕನ್ 200 ಗ್ರಾಂ, ಈರುಳ್ಳಿ ಹೂವು ಮೂರು ಎಸಳು, ಬೆಳ್ಳುಳ್ಳಿ ಒಂದು ಎಸಳು, ಕಾಳುಮೆಣಸಿನ ಪುಡಿ ಅರ್ಧ ಚಮಚ, ಕಾಶ್ಮೀರಿ ಮೆಣಸಿನ ಪುಡಿ ಚಿಟಿಕೆ. ಉಪ್ಪು ಇಲ್ಲ. ಒವನ್‌ನಲ್ಲಿ 180 ಡಿಗ್ರಿಯಲ್ಲಿ ಸುಮಾರು 20 ನಿಮಿಷ. ಅಂಚಿನಲ್ಲಿ ಗುಳ್ಳೆ ಬರಲು ಶುರುವಾಗಿ ನಡುವೆ ಇನ್ನೂ ಸ್ವಲ್ಪ ಅಲುಗಾಡುತ್ತಿರುವಾಗಲೇ ಹೊರಗೆ ತೆಗೆಯಬೇಕು.

ಮೇಲೆ ಎಣ್ಣೆ ತೇಲುತ್ತಿದೆ

ಅತಿ ಸಾಮಾನ್ಯ ದೂರು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಚೀಸ್‌ನಲ್ಲಿ ಕೊಬ್ಬು ಇರುವುದು ಸಣ್ಣ ಸಣ್ಣ ಹನಿಗಳಾಗಿ. ಆ ಹನಿಗಳನ್ನು ಹಿಡಿದಿಟ್ಟಿರುವುದು ಕೇಸೀನ್ ಎಂಬ ಹಾಲಿನ ಪ್ರೋಟೀನ್. ಚೆಡ್ಡಾರ್ ಸುಮಾರು 65 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಕರಗುತ್ತದೆ. ಅಲ್ಲಿಂದ ಮುಂದೆ ಶಾಖ ಏರುತ್ತಾ ಹೋದರೆ ಪ್ರೋಟೀನ್ ಬಿಗಿಯಾಗಿ ಮುದುಡಿಕೊಳ್ಳುತ್ತದೆ, ಒಳಗಿದ್ದ ಕೊಬ್ಬನ್ನು ಹೊರಗೆ ಹಿಂಡುತ್ತದೆ. ಆ ಕೊಬ್ಬೇ ನಿಮಗೆ ಅಂಚಿನಲ್ಲಿ ಕಾಣುವ ಹಳದಿ ಗೆರೆ. ಚೆಡ್ಡಾರ್ ಹಳೆಯದಾದಷ್ಟೂ ಇದು ಬೇಗ ಆಗುತ್ತದೆ, ಯಾಕಂದರೆ ಹಣ್ಣಾಗುತ್ತಾ ಹೋದ ಚೀಸ್‌ನಲ್ಲಿ ಆ ಪ್ರೋಟೀನ್ ಮೊದಲೇ ಸಾಕಷ್ಟು ಒಡೆದುಹೋಗಿರುತ್ತದೆ, ಹಿಡಿತ ಕಡಿಮೆ. ಹಾಗಾಗಿ ದುಬಾರಿ, ಹಳೆಯ ಚೆಡ್ಡಾರ್ ತಂದವರಿಗೇ ಈ ತೊಂದರೆ ಜಾಸ್ತಿ. ಅಂಥ ಚೀಸ್ ರುಚಿಗೆ ಬೇಕು, ಆದರೆ ಅದೊಂದನ್ನೇ ನಂಬಬೇಡಿ.

ಅಳತೆಯಲ್ಲಿ 50 ಗ್ರಾಂ ಪ್ರೊಸೆಸ್ಡ್ ಚೀಸ್ ಇಟ್ಟಿರುವುದು ಇದಕ್ಕೇ. ನಾವು ಸ್ಯಾಂಡ್‌ವಿಚ್‌ಗೆ ಹಾಕುವ ಸಾದಾ ಕ್ಯೂಬ್, ಬೇರೇನಲ್ಲ. ಒಂದು ಕ್ಯೂಬ್ 25 ಗ್ರಾಂ ಆದರೆ ಎರಡು ಸಾಕು. ಪ್ಯಾಕೆಟ್ ತಿರುಗಿಸಿ ನೋಡಿ, ಎಮಲ್ಸಿಫೈಯರ್ ಅಂತ 331 ಅಥವಾ 339ರಂಥ ಸಂಖ್ಯೆಗಳು ಇರುತ್ತವೆ. ಇವು ಸಿಟ್ರೇಟ್, ಫಾಸ್ಫೇಟ್ ಲವಣಗಳು. ಕೇಸೀನ್‌ಗೆ ಅಂಟಿದ ಕ್ಯಾಲ್ಸಿಯಂ ಅನ್ನು ಇವು ಬಿಡಿಸುತ್ತವೆ, ಆಗ ಪ್ರೋಟೀನ್ ಸಡಿಲವಾಗಿ ಕೊಬ್ಬು ಮತ್ತು ನೀರು ಎರಡನ್ನೂ ಹಿಡಿದುಕೊಳ್ಳುತ್ತದೆ. 1911ರಲ್ಲಿ ಸ್ವಿಟ್ಜರ್ಲೆಂಡ್‌ನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಎಮೆಂಟಾಲ್ ಚೀಸ್‌ಗೆ ಸಿಟ್ರೇಟ್ ಸೇರಿಸಿ ಪ್ರೊಸೆಸ್ಡ್ ಚೀಸ್ ಮಾಡಿದ್ದರ ಗುಟ್ಟೂ ಇದೇ. ಪ್ರೊಸೆಸ್ಡ್ ಚೀಸ್ ಅಂದರೆ ಮೂಗು ಮುರಿಯುವವರಿದ್ದಾರೆ. ಡಿಪ್ ವಿಷಯದಲ್ಲಿ ಮಾತ್ರ ಅದು ನಿಜವಾದ ಕೆಲಸಗಾರ, ನಾನಂತೂ ಬಿಡುವುದಿಲ್ಲ.

ಈಗಾಗಲೇ ಎಣ್ಣೆ ಬಿಟ್ಟಿದ್ದರೆ ಹೀಗೆ ಮಾಡಿ. ಬಟ್ಟಲನ್ನು ಒಲೆಯಿಂದ ಪೂರ್ತಿ ಇಳಿಸಿ. ಮೇಲೆ ನಿಂತ ಎಣ್ಣೆಯನ್ನು ಚಮಚದಲ್ಲಿ ಬಳಿದು ತೆಗೆಯಿರಿ, ಉಳಿದದ್ದಕ್ಕೆ ಟಿಶ್ಯೂ ಕಾಗದ ಮುಟ್ಟಿಸಿ. ಇನ್ನೊಂದು ಪಾತ್ರೆಯಲ್ಲಿ ಎರಡು ಚಮಚ ಹಾಲು, ಒಂದು ಪ್ರೊಸೆಸ್ಡ್ ಕ್ಯೂಬ್ ತುರಿದು ಸಣ್ಣ ಉರಿಯಲ್ಲಿ ಕರಗಿಸಿ ನುಣ್ಣಗೆ ಮಾಡಿ. ಆಮೇಲೆ ಕೆಟ್ಟ ಡಿಪ್ ಅನ್ನು ಇದಕ್ಕೆ ಚಮಚ ಚಮಚವಾಗಿ ಸೇರಿಸುತ್ತಾ ಕಲಸಬೇಕು. ಉಲ್ಟಾ ಮಾಡಬೇಡಿ. ಕರಗಿದ ಕ್ಯೂಬ್ ಅನ್ನು ಒಡೆದ ಡಿಪ್‌ಗೆ ಸುರಿದರೆ ಅದೂ ಅದರ ಜೊತೆಗೆ ಒಡೆದು ಹೋಗಬಹುದು. ಮೊದಲ ನಾಲ್ಕೈದು ಚಮಚ ನಿಧಾನವಾಗಿ ಹೋಗಲಿ, ಹೊಳಪು ಬಂತು ಅಂದರೆ ಉಳಿದದ್ದು ಬೇಗ ಸೇರುತ್ತದೆ.

ಎಣ್ಣೆಯ ಬಣ್ಣವನ್ನೂ ನೋಡಬೇಕು. ಹಳದಿ ಆದರೆ ಚೀಸ್‌ನದ್ದು. ಬಣ್ಣವಿಲ್ಲದೆ, ಹೊಗೆ ವಾಸನೆ ಬಂದರೆ ಅದು ಬೇಕನ್‌ನ ಕೊಬ್ಬು, ಸರಿಯಾಗಿ ಸೋಸದೆ ಹಾಕಿದ್ದೀರಿ. ಚೀಸ್‌ಗೆ ಏನೂ ಆಗಿಲ್ಲ, ಬಳಿದು ತೆಗೆದರೆ ಮುಗಿಯಿತು. ಇನ್ನು ಕಿತ್ತಳೆ-ಕೆಂಪು ಎಣ್ಣೆ. ಇದು ಗೋವಾದ ನೆಂಟರಿದ್ದವರ ಮನೆಯಲ್ಲಿ ಕಾಣುತ್ತದೆ. ಮಾಪ್ಸಾದ ಶುಕ್ರವಾರದ ಸಂತೆಯಿಂದ ಬಂದ ಚೊರಿಸ್ (ಗೋವಾದ ಹಂದಿ ಮಾಂಸದ ಸಾಸೇಜ್) ಇದ್ದರೆ ಬೇಕನ್ ಜೊತೆ ಅದನ್ನೂ ಸ್ವಲ್ಪ ಹಾಕೋಣ ಅನ್ನಿಸುವುದು ಸಹಜ, ರುಚಿಯೂ ಅದ್ಭುತ. ಆದರೆ ಚೊರಿಸ್‌ನಲ್ಲಿ ಹಂದಿ ಕೊಬ್ಬು ಮತ್ತು ಮೆಣಸಿನಕಾಯಿ ಮಾತ್ರ ಅಲ್ಲ, ವಿನೆಗರ್ ಕೂಡ ಇದೆ. ಕೊಬ್ಬು ಕೆಂಪಾಗಿ ಹರಿಯುತ್ತದೆ, ವಿನೆಗರ್ ಮೊಸರನ್ನು ಒಡೆಯುತ್ತದೆ. ಮೊದಲು ಬೇರೆಯಾಗಿ ಹುರಿದು, ವಿನೆಗರ್‌ನ ಘಾಟು ಹೋಗುವವರೆಗೆ ಕಾದು, ಜಾಲರಿಯಲ್ಲಿ ಸೋಸಿ, ಕೊನೆಗೆ ಮೇಲೆ ಉದುರಿಸಿ. ಒಳಗೆ ಕಲಸಬೇಡಿ.

ಬೆಳ್ಳಗೆ ನೀರು ನಿಂತಿದೆ, ಅಥವಾ ಡಿಪ್ಪೇ ನೀರಾಗಿದೆ

ಇದಕ್ಕೆ ಮೊದಲು ಅಳತೆಯನ್ನು ಅನುಮಾನಿಸಿ. ಅಮೆರಿಕದ ರೆಸಿಪಿಯಲ್ಲಿ ಕ್ರೀಮ್ ಚೀಸ್ ಒಂದು ಪ್ಯಾಕ್ ಅಂದರೆ 8 ಔನ್ಸ್, ಅಂದರೆ ಸುಮಾರು 226 ಗ್ರಾಂ. ನಮ್ಮ ಅಂಗಡಿಗಳಲ್ಲಿ ಸಿಗುವ ಡಬ್ಬಿಗಳು ಹೆಚ್ಚಾಗಿ ಅದಕ್ಕಿಂತ ಚಿಕ್ಕವು, 150, 180 ಗ್ರಾಂ ಹೀಗೆ. ಒಂದು ಪ್ಯಾಕ್ ಅಂತ ಓದಿ ಒಂದು ಡಬ್ಬಿ ಹಾಕಿ, ಸೋರ್ ಕ್ರೀಮ್ ಮಾತ್ರ ಪೂರ್ತಿ ಒಂದು ಕಪ್ ಹಾಕಿದರೆ ಡಿಪ್ ತೆಳ್ಳಗಾಗದೆ ಇನ್ನೇನಾಗುತ್ತದೆ? ಜೊತೆಗೆ, ಅವರು ಹೇಳುವುದು ಇಟ್ಟಿಗೆಯಾಕಾರದಲ್ಲಿ ಬರುವ ಗಟ್ಟಿ ಕ್ರೀಮ್ ಚೀಸ್. ಬ್ರೆಡ್‌ಗೆ ಸವರಲು ಮಾಡಿದ ಡಬ್ಬಿಯ ಚೀಸ್ ಸ್ವಭಾವದಲ್ಲೇ ಮೆತ್ತಗೆ. ಅದನ್ನು ಬಳಸುವುದಾದರೆ ಸೋರ್ ಕ್ರೀಮ್ ಅಥವಾ ಚಕ್ಕಾವನ್ನು ಮೂರನೇ ಒಂದರಷ್ಟು ಕಡಿಮೆ ಮಾಡಿ.

ಸೋರ್ ಕ್ರೀಮ್ ಬದಲು ಮೊಸರು ಹಾಕುವವರು ಬಹಳ. ಹಾಕಬಹುದು, ಆದರೆ ಬಟ್ಟೆಯಲ್ಲಿ ಅರ್ಧ ಗಂಟೆ ನೇತುಹಾಕಿದ ಮೊಸರು ಸಾಲದು. ರಾತ್ರಿಯಿಡೀ ಫ್ರಿಜ್‌ನಲ್ಲಿ ನೇತಾಡಲಿ. ಪುಣೆಯಲ್ಲಿರುವವರಿಗೆ ಇದರ ಚಿಂತೆಯೇ ಬೇಡ. ಇಲ್ಲಿನ ಡೈರಿಗಳಲ್ಲಿ ಶ್ರೀಖಂಡಕ್ಕೆ ಅಂತ ಚಕ್ಕಾ ಮಾರುತ್ತಾರೆ, ಗುಡಿ ಪಾಡ್ವಾ, ದಸರಾ ಸಮಯದಲ್ಲಂತೂ ಸಾಲು ನಿಂತಿರುತ್ತದೆ. ನೀರು ಪೂರ್ತಿ ಇಳಿದ ಗಟ್ಟಿ ಮೊಸರು ಅದು, ಡಿಪ್‌ಗೆ ಹೇಳಿ ಮಾಡಿಸಿದ್ದು. ಕೊಳ್ಳುವಾಗ ಒಂಚೂರು ನಾಲಿಗೆಗೆ ಹಚ್ಚಿ ನೋಡಿ. ಹುಳಿ ಜಾಸ್ತಿ ಇದ್ದರೆ ಅವತ್ತು ಬೇಡ.

ಸೋರ್ ಕ್ರೀಮ್‌ನಲ್ಲಿ ಕೊಬ್ಬು ಸುಮಾರು 18-20 ಶೇಕಡಾ ಇರುತ್ತದೆ, ಅದಕ್ಕೇ ಅದು ಶಾಖ ತಡೆಯುತ್ತದೆ. ಮೊಸರಿನಲ್ಲಿ ಅಷ್ಟಿಲ್ಲ. ಹಾಗಾಗಿ ಚಕ್ಕಾ ಹಾಕುವ ಮೊದಲು 100 ಗ್ರಾಂಗೆ ಅರ್ಧ ಚಮಚ ಕಾರ್ನ್‌ಫ್ಲೋರ್ ಸೇರಿಸಿ ಚೆನ್ನಾಗಿ ಕಡೆಯಿರಿ. ಪಿಷ್ಟ ಪ್ರೋಟೀನ್ ಕಣಗಳ ನಡುವೆ ಅಡ್ಡ ನಿಂತು ಅವು ಗುಂಪುಗೂಡದ ಹಾಗೆ ನೋಡಿಕೊಳ್ಳುತ್ತದೆ. ಮಜ್ಜಿಗೆ ಹುಳಿಗೆ ಕಡಲೆಬೇಳೆ ರುಬ್ಬಿ ಹಾಕುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದ ನೀರಿನ ಮೂಲಗಳನ್ನು ಬೇಗ ಹೇಳಿಬಿಡುತ್ತೇನೆ. ತೊಳೆದ ಈರುಳ್ಳಿ ಹೂವನ್ನು ಒರೆಸದೆ ಹೆಚ್ಚುವುದು. ಬಾಟಲಿಯಲ್ಲಿ ಬರುವ ಹಲಪೇನೊ ಮೆಣಸಿನಕಾಯಿಯನ್ನು ಹಿಂಡದೆ ಹಾಕುವುದು. ಅಣಬೆಯನ್ನು ಅರೆಬರೆ ಹುರಿಯುವುದು. ಮಿಕ್ಸಿಯಲ್ಲಿ ಕ್ರೀಮ್ ಚೀಸ್ ಅನ್ನು ನಿಮಿಷಗಟ್ಟಲೆ ತಿರುಗಿಸುವುದು. ಅದು ಸಡಿಲವಾಗಿಬಿಡುತ್ತದೆ, ಕೈಯಲ್ಲೇ ಕಲಸಿ.

ಸರಿಮಾಡುವುದು ಸುಲಭ. ಒಂದು ಚಮಚ ಕಾರ್ನ್‌ಫ್ಲೋರ್ ಅನ್ನು ಎರಡು ಚಮಚ ತಣ್ಣನೆಯ ಹಾಲಿನಲ್ಲಿ ಕಲಸಿ. ಡಿಪ್ ಅನ್ನು ದಪ್ಪ ತಳದ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿಡಿ, ಬಿಸಿಯಾದ ಮೇಲೆ ಇದನ್ನು ಸುರಿದು, ಒಂದೆರಡು ಗುಳ್ಳೆ ಬರುವವರೆಗೆ ಮಾತ್ರ ತಿರುಗಿಸಿ ಇಳಿಸಿ. ಮೈದಾ ಬೇಡ. ಹಸಿ ಮೈದಾ ವಾಸನೆ ಹೋಗಬೇಕಾದರೆ ತುಂಬಾ ಹೊತ್ತು ಬೇಯಬೇಕು, ಅಷ್ಟು ಹೊತ್ತು ಚೀಸ್ ತಡೆಯುವುದಿಲ್ಲ.

ಬಾಯಿಗೆ ತರಿತರಿ ಸಿಗುತ್ತಿದೆ

ಒಂದು ಚಿಟಿಕೆ ಡಿಪ್ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ. ಗಂಟು ಬೆಣ್ಣೆಯಾಗಿ ಸವರಿಕೊಂಡು ಹೋದರೆ ಅದು ಕರಗದ ಕ್ರೀಮ್ ಚೀಸ್. ಫ್ರಿಜ್‌ನಿಂದ ನೇರ ತೆಗೆದು ಕಲಸಿದ್ದರ ಫಲ. ಭಯಪಡಬೇಡಿ, ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಹತ್ತು ನಿಮಿಷ ನಿಧಾನ ತಿರುಗಿಸಿದರೆ ತಾನಾಗೇ ನುಣ್ಣಗಾಗುತ್ತದೆ. ಮುಂದಿನ ಸಲ ಒಂದು ಗಂಟೆ ಮೊದಲೇ ಹೊರಗಿಡಿ.

ಉಜ್ಜಿದರೂ ಸವೆಯದೆ ಕಾಳುಕಾಳಾಗಿ ಬೆರಳಿಗೆ ಸಿಕ್ಕರೆ ವಿಷಯ ಬೇರೆ. ಅದು ಪ್ರೋಟೀನ್ ಹೆಪ್ಪುಗಟ್ಟಿದ ತರಿ. ಚೀಸ್ ಅತಿಯಾಗಿ ಕಾದಿದೆ, ಅಥವಾ ಮೊಸರು ಒಡೆದಿದೆ, ಅಥವಾ ಬಿಸಿ ಡಿಪ್‌ಗೆ ನಿಂಬೆರಸ ಹಿಂಡಿದ್ದೀರಿ. ಈ ತರಿಯನ್ನು ಮತ್ತೆ ಕರಗಿಸಲು ಆಗುವುದಿಲ್ಲ. ಆಗುವುದು ಒಂದೇ, ಪುಡಿ ಮಾಡುವುದು. ಬೇಕನ್ ಇನ್ನೂ ಹಾಕಿಲ್ಲದಿದ್ದರೆ ಸ್ವಲ್ಪ ಆರಿಸಿ, ಎರಡು ಚಮಚ ಬೆಚ್ಚನೆಯ ಹಾಲು, ಅರ್ಧ ಕ್ಯೂಬ್ ಚೀಸ್ ಸೇರಿಸಿ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಎರಡು ಸುತ್ತು ತಿರುಗಿಸಿ. ಪೂರ್ತಿ ಹೋಗುವುದಿಲ್ಲ, ಆದರೆ ಪಾರ್ಟಿಯಲ್ಲಿ ಯಾರ ನಾಲಿಗೆಗೂ ಸಿಗದಷ್ಟು ಸಣ್ಣದಾಗುತ್ತದೆ. ನಿಂಬೆ ಬೇಕೇಬೇಕು ಅನ್ನುವವರು ಬಡಿಸುವಾಗ ಸಿಪ್ಪೆ ತುರಿದು ಹಾಕಿ. ಪರಿಮಳ ಬರುತ್ತದೆ, ಹುಳಿ ಬರುವುದಿಲ್ಲ.

ಮೂರನೇ ಬಗೆಯೂ ಇದೆ. ನಾಲಿಗೆಗೆ ಹಿಟ್ಟು ಹಿಟ್ಟು ಅನ್ನಿಸುವುದು. ತುರಿದೇ ಬರುವ ಪ್ಯಾಕೆಟ್ ಚೀಸ್ ಹಾಕಿದಾಗ ಹೀಗಾಗುತ್ತದೆ. ಎಳೆಗಳು ಒಂದಕ್ಕೊಂದು ಅಂಟದಿರಲಿ ಅಂತ ಅದಕ್ಕೆ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಹಚ್ಚಿರುತ್ತಾರೆ. ಚೀಸ್‌ನ ಇಡೀ ತುಂಡು ತಂದು ಮನೆಯಲ್ಲೇ ತುರಿಯಿರಿ, ಐದು ನಿಮಿಷದ ಕೆಲಸ.

ಮನೆಗೆ ಡೆಲಿವರಿ ತರಿಸುವವರಿಗೆ ಒಂದು ಮಾತು. ಕ್ರೀಮ್ ಚೀಸ್ ಕಲ್ಲಿನಂತೆ ಗಟ್ಟಿಯಾಗಿ ಬಂದರೆ ಅದು ಎಲ್ಲೋ ಫ್ರೀಜರ್‌ಗೆ ಹೋಗಿ ಬಂದಿದೆ. ಕರಗಿದ ಮೇಲೆ ಪುಡಿಪುಡಿಯಾಗಿ ನೀರು ಬಿಡುತ್ತದೆ. ತಣ್ಣನೆಯ ಡಿಪ್‌ಗೆ ಅದು ಬೇಡ. ಬೇಕ್ ಮಾಡುವ ಡಿಪ್‌ಗೆ ನೀರು ಬಸಿದು ನಡೆಸಬಹುದು.

ಎಳೆಎಳೆಯಾಗಿ ಜಗ್ಗುತ್ತಿದೆ, ಆರಿದರೆ ರಬ್ಬರ್

ಮೊಝರೆಲ್ಲಾ ಹಾಕಿದ್ದೀರಿ. ಪಿಜ್ಜಾಕ್ಕೆ ಅದು ಬೇಕು, ಇಲ್ಲಿ ಬೇಡ. ಈಗಾಗಲೇ ಹಾಕಿ ಆಗಿದ್ದರೆ ಇನ್ನೂ 50 ಗ್ರಾಂ ಕ್ರೀಮ್ ಚೀಸ್ ಸೇರಿಸಿ, ಬಿಸಿಬಿಸಿಯಾಗೇ ಖಾಲಿ ಮಾಡಿ.

ಬೇಕನ್ ಮೆತ್ತಗಾಗಿದೆ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಭಾಗ. ಚೀಸ್ ಸ್ವಲ್ಪ ಹೆಚ್ಚುಕಡಿಮೆ ಆದರೂ ಜನ ತಿನ್ನುತ್ತಾರೆ. ಬೇಕನ್ ಚರ್ಮದ ತುಂಡಿನ ಹಾಗೆ ಹಲ್ಲಿಗೆ ಸಿಕ್ಕರೆ ಬಟ್ಟಲು ಹಾಗೇ ಉಳಿಯುತ್ತದೆ.

ಕೊಳ್ಳುವಾಗಲೇ ಶುರು ಮಾಡೋಣ. ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಹೊಟ್ಟೆಯ ಭಾಗದ್ದು, ಕೊಬ್ಬು-ಮಾಂಸ ಪಟ್ಟೆಪಟ್ಟೆಯಾಗಿರುವ ಸ್ಟ್ರೀಕಿ. ಬೆನ್ನಿನ ಭಾಗದ್ದು, ದೊಡ್ಡ ಗುಂಡನೆಯ ಬ್ಯಾಕ್ ಬೇಕನ್. ಡಿಪ್‌ಗೆ ಸ್ಟ್ರೀಕಿಯೇ ಬೇಕು. ಬ್ಯಾಕ್ ಬೇಕನ್‌ನಲ್ಲಿ ಕೊಬ್ಬು ಕಡಿಮೆ, ಎಷ್ಟು ಹುರಿದರೂ ಗರಿಗರಿ ಆಗುವುದಿಲ್ಲ, ಒಣಗುತ್ತದೆ ಅಷ್ಟೇ. ಪುಣೆ, ಮುಂಬೈನಲ್ಲಿ ಹೆಚ್ಚಾಗಿ ಸಿಗುವುದು ಫ್ರೋಜನ್. ಎಷ್ಟೋ ಬ್ರಾಂಡ್‌ಗಳಲ್ಲಿ ಉಪ್ಪುನೀರನ್ನು ಮಾಂಸದೊಳಕ್ಕೆ ಚುಚ್ಚಿರುತ್ತಾರೆ. ಪದಾರ್ಥಗಳ ಪಟ್ಟಿಯಲ್ಲಿ ಮಾಂಸದ ಪಕ್ಕದಲ್ಲೇ ನೀರು ಅಂತ ಬರೆದಿದ್ದರೆ ಅದೇ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ, ಪೂರ್ತಿ ಕರಗಿದ ಮೇಲೆ ಪ್ರತಿ ಪಟ್ಟಿಯನ್ನೂ ಒಣಬಟ್ಟೆಯಲ್ಲಿ ಒತ್ತಿ.

ಬಾಣಲೆ ತಣ್ಣಗಿರುವಾಗಲೇ ಬೇಕನ್ ಜೋಡಿಸಿ, ಆಮೇಲೆ ಒಲೆ ಹಚ್ಚಿ. ಸಣ್ಣ ಉರಿ. ಕಾದ ಬಾಣಲೆಗೆ ಹಾಕಿದರೆ ಹೊರಗಡೆ ಕಂದಾಗಿ ಒಳಗಿನ ಕೊಬ್ಬು ಹಾಗೇ ಉಳಿಯುತ್ತದೆ. ಈಗ ಕಿವಿ ಕೊಡಿ. ಮೊದಲ ಕೆಲವು ನಿಮಿಷ ಚಟಚಟ ಅಂತ ಜೋರು ಸದ್ದು, ದೊಡ್ಡ ದೊಡ್ಡ ಗುಳ್ಳೆ, ಒಂದಿಷ್ಟು ಬಿಳಿ ನೊರೆ. ಅದು ನೀರು ಆವಿಯಾಗುತ್ತಿರುವ ಸದ್ದು. ಆ ಸದ್ದು ನಿಲ್ಲುವವರೆಗೆ ಗರಿಗರಿಯ ಮಾತೇ ಇಲ್ಲ. ನಂತರ ಸದ್ದು ಇಳಿಯುತ್ತದೆ, ಪಟ್ಟಿಗಳ ಸುತ್ತ ಸಣ್ಣ ಸಣ್ಣ ನೊರೆ ಒಂದೇ ಸಮ ಏಳುತ್ತದೆ, ಕೊಬ್ಬಿನ ಬಿಳಿ ಭಾಗ ಗಾಜಿನಂತೆ ಪಾರದರ್ಶಕವಾಗಿ ಆಮೇಲೆ ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ತೆಗೆಯಬೇಕು. ಆ ಕ್ಷಣ ಇನ್ನೂ ಬಾಗುತ್ತಿರುತ್ತದೆ, ಕಾಗದದ ಮೇಲೆ ಎರಡು ನಿಮಿಷ ಆರಿದರೆ ಪಟ್ಟನೆ ಮುರಿಯುತ್ತದೆ. ನೀರು ಜಾಸ್ತಿ ಹೊರಬಂದು ಬಾಣಲೆಯಲ್ಲಿ ನಿಂತರೆ ಅದನ್ನು ಬಗ್ಗಿಸಿ ಚೆಲ್ಲಿ ಮುಂದುವರಿಸಿ. ಓಟಿಜಿಯಲ್ಲಾದರೆ (ಮನೆಯ ಚಿಕ್ಕ ಕರೆಂಟ್ ಒವನ್) 200 ಡಿಗ್ರಿ, 15-20 ನಿಮಿಷ, ಜಾಲರಿಯ ಮೇಲೆ, ಕೆಳಗೆ ಟ್ರೇ.

200 ಗ್ರಾಂ ಹಸಿ ಬೇಕನ್ ಹುರಿದ ಮೇಲೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಉಳಿಯುತ್ತದೆ. ಇಷ್ಟೇನಾ ಅಂತ ಗಾಬರಿಯಾಗಬೇಡಿ, ಅದು ಹಾಗೇ.

ಸರಿಯಾಗಿ ಹುರಿದ ಬೇಕನ್ ಕೂಡ ಡಿಪ್ ಒಳಗೆ ಕೂತರೆ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಇದನ್ನು ತಪ್ಪಿಸಲು ಆಗುವುದಿಲ್ಲ. ಅದಕ್ಕೆ ಎರಡು ಪಾಲು ಮಾಡಿ. ಮೂರನೇ ಒಂದು ಭಾಗ ಸಣ್ಣಗೆ ಪುಡಿ ಮಾಡಿ ಒಳಗೆ ಕಲಸಿ, ಅದು ರುಚಿಗೆ. ಉಳಿದದ್ದನ್ನು ಬಟ್ಟಲು ಟೇಬಲ್‌ಗೆ ಬಂದ ಮೇಲೆ ಮೇಲಿಂದ ಉದುರಿಸಿ, ಅದು ಹಲ್ಲಿಗೆ. ಮೇಲೆ ಹಾಕುವ ಪಾಲನ್ನು ಅಲ್ಲಿಯವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಮುಂಬೈನ ಮಳೆಗಾಲದಲ್ಲಂತೂ ಇದು ಕಡ್ಡಾಯ. ಚಿಪ್ಸ್‌ಗೂ ಇದೇ ಮಾತು.

ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಎಸೆಯಬೇಡಿ. ಪೂರ್ತಿ ಡಿಪ್‌ಗೂ ಸುರಿಯಬೇಡಿ. ಒಂದೇ ಒಂದು ಚಮಚದಲ್ಲಿ ಬೆಳ್ಳುಳ್ಳಿ ಬಾಡಿಸಿ ಹಾಕಿ. ಹೊಗೆಯ ವಾಸನೆ ಎಲ್ಲಾ ಅದರಲ್ಲೇ ಇರುವುದು.

ಚಿಕನ್ ಬೇಕನ್ ಹಾಕುವವರು, ಅದರಲ್ಲಿ ಕೊಬ್ಬು ಬಿಡುವುದಿಲ್ಲ ಎಂಬುದನ್ನು ನೆನಪಿಡಿ. ಎರಡು ಚಮಚ ಎಣ್ಣೆಯಲ್ಲಿ ಹುರಿಯಬೇಕು, ಪೂರ್ತಿ ಮೇಲೇ ಉದುರಿಸಬೇಕು.

ಉಪ್ಪು ಜಾಸ್ತಿ, ಅಥವಾ ರುಚಿಯೇ ಇಲ್ಲ

ಬೇಕನ್ ಉಪ್ಪು, ಚೀಸ್ ಉಪ್ಪು, ಚಿಪ್ಸ್ ಉಪ್ಪು. ಅದಕ್ಕೇ ಅಳತೆಯಲ್ಲಿ ಉಪ್ಪು ಬಿಟ್ಟಿದ್ದು. ಆದರೂ ಮೀರಿದ್ದರೆ ಚಕ್ಕಾ ಮತ್ತು ಕ್ರೀಮ್ ಚೀಸ್ ಸೇರಿಸಿ ಹಿಗ್ಗಿಸುವುದೇ ದಾರಿ. ಆಲೂಗಡ್ಡೆ ಉಪ್ಪು ಹೀರುತ್ತದೆ ಅನ್ನುವುದನ್ನು ನಂಬಬೇಡಿ, ಅದು ಪ್ರಮಾಣ ಜಾಸ್ತಿ ಮಾಡುತ್ತದೆ ಅಷ್ಟೇ. ಬೇಕನ್ ವಿಪರೀತ ಉಪ್ಪಿನದು ಅಂತ ಮೊದಲೇ ಗೊತ್ತಿದ್ದರೆ ಹುರಿಯುವ ಮುಂಚೆ ಎರಡು ನಿಮಿಷ ಕುದಿನೀರಿನಲ್ಲಿ ಅದ್ದಿ, ಒರೆಸಿ. ಜೊತೆಗೆ ತಿನ್ನಲು ಉಪ್ಪು ಕಡಿಮೆ ಇರುವುದನ್ನು ಇಡಿ: ಗೋವಾದ ಪೊಯಿ ಬ್ರೆಡ್ ಹರಿದು ಸುಟ್ಟದ್ದು, ಮುಂಬೈನ ಬ್ರುನ್ ಪಾವ್ ಚೂರುಗಳು, ಸೌತೆಕಾಯಿ. ಬ್ರುನ್‌ನ ಗಟ್ಟಿ ಹೊರಪದರ ಈ ಡಿಪ್‌ನ ಭಾರವನ್ನು ಚೆನ್ನಾಗಿ ತಾಳುತ್ತದೆ, ಚಿಪ್ಸ್‌ಗಿಂತ ನನಗೆ ಅದೇ ಇಷ್ಟ.

ಸಪ್ಪೆ ಅನ್ನಿಸಿದರೆ, ಡಿಪ್ ತಣ್ಣಗಿರುವಾಗ ರುಚಿ ನೋಡಿದಿರಾ? ತಣ್ಣಗಿದ್ದಾಗ ನಾಲಿಗೆಗೆ ರುಚಿ ಕಡಿಮೆ ಹತ್ತುತ್ತದೆ. ಬಡಿಸುವ ಬಿಸಿಯಲ್ಲೇ ನೋಡಿ. ಆಮೇಲೂ ಸಪ್ಪೆ ಅಂದರೆ ಉಪ್ಪಲ್ಲ, ಕಾಳುಮೆಣಸು ಮತ್ತು ಒಂದು ಚಿಟಿಕೆ ಸಾಸಿವೆ ಪುಡಿ. ಮೊಟ್ಟೆಯಿಲ್ಲದ ಮೇಯೋನೀಸ್ ಹಾಕಿ ರುಚಿ ಕೂಡಿಸಲು ಹೋಗಬೇಡಿ, ನಮ್ಮಲ್ಲಿ ಸಿಗುವುದರಲ್ಲಿ ಎಷ್ಟೋ ಸಿಹಿ ಇರುತ್ತವೆ.

ಮೇಲೆ ಸೀದು ಕಪ್ಪಗೆ, ಒಳಗೆ ತಣ್ಣಗೆ

ಇದು ಓಟಿಜಿಯ ತೊಂದರೆ. ಚಿಕ್ಕ ಒವನ್‌ನಲ್ಲಿ ಮೇಲಿನ ಕಾಯಿಲ್ ಬಟ್ಟಲಿಗೆ ತೀರಾ ಹತ್ತಿರ. ಹತ್ತು ನಿಮಿಷ ಮೊದಲೇ ಕಾಯಿಸಿ, ಬಟ್ಟಲನ್ನು ಕೆಳಗಿನ ಅಥವಾ ನಡುವಿನ ಖಾನೆಯಲ್ಲಿಡಿ, ಮೊದಲ 15 ನಿಮಿಷ ಕೆಳಗಿನ ರಾಡ್ ಮಾತ್ರ, ಕೊನೆಗೆ ಬಣ್ಣಕ್ಕೆ ಎರಡು ಕಾಯಿಲ್. ಆಳದ ಬಟ್ಟಲು ಬೇಡ. ಡಿಪ್ ಎರಡು ಇಂಚಿಗಿಂತ ದಪ್ಪ ಇದ್ದರೆ ನಡುವೆ ಬಿಸಿ ತಲುಪುವಷ್ಟರಲ್ಲಿ ಅಂಚು ಎಣ್ಣೆ ಬಿಟ್ಟಿರುತ್ತದೆ. ಹಿಂದಿನ ದಿನ ಕಲಸಿ ಫ್ರಿಜ್‌ನಲ್ಲಿಟ್ಟವರು ಅರ್ಧ ಗಂಟೆ ಮೊದಲು ಹೊರಗೆ ತೆಗೆಯಲೇಬೇಕು. ತಣ್ಣನೆಯ ಗಾಜಿನ ಬಟ್ಟಲನ್ನು ಕಾದ ಒವನ್‌ಗೆ ನೇರ ಇಟ್ಟರೆ ಬಟ್ಟಲೇ ಸೀಳಬಹುದು.

ಮೈಕ್ರೋವೇವ್ ಆದರೆ ಅರ್ಧ ಪವರ್, 30 ಸೆಕೆಂಡ್‌ಗೊಮ್ಮೆ ಕಲಸಿ.

ಟೆರೇಸ್‌ಗೆ ಹೋಗುವಷ್ಟರಲ್ಲಿ ಗಟ್ಟಿ

ಡಿಸೆಂಬರ್ ರಾತ್ರಿ ಪುಣೆಯಲ್ಲಿ 10-12 ಡಿಗ್ರಿ ಆಗುವುದು ಮಾಮೂಲು. ಕರಗಿದ ಕೊಬ್ಬು ಆ ಚಳಿಗೆ ಬೇಗ ಹೆಪ್ಪುಗಟ್ಟುತ್ತದೆ, ಚಿಪ್ಸ್ ಅದ್ದಿದರೆ ಮುರಿದು ಅಲ್ಲೇ ನಿಲ್ಲುತ್ತದೆ. ಒವನ್‌ನಿಂದ ತೆಗೆದಾಗ ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ಸಡಿಲ ಇರುವಂತೆ ನೋಡಿಕೊಳ್ಳಿ, ಬೇಕಿದ್ದರೆ ಒಂದೊಂದೇ ಚಮಚ ಬಿಸಿ ಹಾಲು ಸೇರಿಸಿ.

ಪಾತ್ರೆಯ ಆಯ್ಕೆ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಅಜ್ಜಿಯ ಕಾಲದ ಕಲ್ಚಟ್ಟಿ ಇದ್ದರೆ ಅದನ್ನು ತೆಗೆಯಿರಿ. ಬಳಪದ ಕಲ್ಲು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಪಳಗಿದ ಕಲ್ಚಟ್ಟಿಯನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಇಳಿಸಿ, ತಯಾರಾದ ಡಿಪ್ ಅನ್ನು ಅದಕ್ಕೆ ಹಾಕಿ ಮೇಲಕ್ಕೆ ಒಯ್ಯಿರಿ. ಗಾಜಿನ ಬಟ್ಟಲಲ್ಲಿ ಇಷ್ಟು ಹೊತ್ತು ಬಿಸಿ ಉಳಿಯುವುದಿಲ್ಲ. ಅದಿಲ್ಲದವರು ಅಗಲ ತಟ್ಟೆಯಲ್ಲಿ ಬಿಸಿನೀರು ಹಾಕಿ ಅದರಲ್ಲಿ ಬಟ್ಟಲು ಇಡಿ.

ಚಳಿ ಇದೆ ಅಂತ ರಾತ್ರಿಯಿಡೀ ಹೊರಗಿಡಬೇಡಿ. ಹಾಲು, ಮಾಂಸ ಎರಡೂ ಇರುವ ಪದಾರ್ಥ ಇದು. ಹೊರಗೆ ಎರಡು ಗಂಟೆ ಮಿತಿ. ಮೇ ತಿಂಗಳ ಮುಂಬೈ, ಗೋವಾದಲ್ಲಿ 32 ಡಿಗ್ರಿ ದಾಟಿದ ಜಾಗದಲ್ಲಿ ಒಂದೇ ಗಂಟೆ. ಅದಕ್ಕಿಂತ ಎರಡು ಚಿಕ್ಕ ಬಟ್ಟಲು ಮಾಡಿ, ಒಂದು ಖಾಲಿಯಾದ ಮೇಲೆ ಇನ್ನೊಂದನ್ನು ಒವನ್‌ಗೆ ಇಡುವುದು ಒಳ್ಳೆಯದು.

ಸಸ್ಯಾಹಾರಿಗಳ ಬಟ್ಟಲು

ನಮ್ಮ ಕೂಟಗಳಲ್ಲಿ ಅರ್ಧಕ್ಕರ್ಧ ಜನ ಸಸ್ಯಾಹಾರಿಗಳು ಇರುತ್ತಾರೆ, ಅವರಿಗೆ ಬರೀ ಚಿಪ್ಸ್ ಕೊಟ್ಟು ಕೂರಿಸುವುದು ಸರಿಯಲ್ಲ. ಬೇಕನ್ ಮುಟ್ಟುವ ಮೊದಲೇ, ಶುದ್ಧ ಪಾತ್ರೆ-ಚಮಚದಲ್ಲಿ ಅವರ ಪಾಲು ಕಲಸಿ ಬೇರೆ ತೆಗೆಯಿರಿ, ಅವರ ಬಟ್ಟಲನ್ನೇ ಮೊದಲು ಬೇಕ್ ಮಾಡಿ. ಕ್ರೀಮ್ ಚೀಸ್, ಚೆಡ್ಡಾರ್ ಪ್ಯಾಕೆಟ್ ಮೇಲೆ ಹಸಿರು ಗುರುತು ಇದೆಯಾ ನೋಡಿ, ಹೊರದೇಶದ ಕೆಲವು ಚೀಸ್‌ಗಳಲ್ಲಿ ಪ್ರಾಣಿ ಮೂಲದ ರೆನೆಟ್ (ಹಾಲನ್ನು ಹೆಪ್ಪುಗಟ್ಟಿಸುವ ವಸ್ತು) ಇರುತ್ತದೆ. ಬೇಕನ್ ಜಾಗಕ್ಕೆ ಅಣಬೆ: ತೆಳ್ಳಗೆ ಹೆಚ್ಚಿ, ನೀರು ಪೂರ್ತಿ ಇಂಗಿ ಅಂಚು ಕಂದಾಗುವವರೆಗೆ ಹುರಿದು, ಮೇಲೆ ಒಂದು ಸಣ್ಣ ಕೆಂಡ, ಅದರ ಮೇಲೆ ಎರಡು ಹನಿ ತುಪ್ಪ, ಎರಡು ನಿಮಿಷ ಮುಚ್ಚಳ. ಹೊಗೆಯ ರುಚಿ ಅದಕ್ಕೂ ಬರುತ್ತದೆ. ಯಾವ ಬಟ್ಟಲು ಯಾವುದು ಅಂತ ಚೀಟಿ ಇಡಿ, ಎರಡಕ್ಕೂ ಬೇರೆ ಬೇರೆ ಚಮಚ.

ಉಳಿದದ್ದನ್ನು ಮತ್ತೆ ಬಿಸಿ ಮಾಡಿದರೆ ಒಡೆಯುತ್ತದೆ

ಒಡೆದೇ ಒಡೆಯುತ್ತದೆ, ಯಾಕಂದರೆ ಒಮ್ಮೆ ಕಾದ ಪ್ರೋಟೀನ್ ಮತ್ತೆ ಕಾಯುತ್ತಿದೆ. ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಡಿಪ್ ಆಗಿಯೇ ಬೇಕು ಅಂದರೆ ಮೇಲೆ ಹೇಳಿದ ಹಾಲು-ಕ್ಯೂಬ್ ವಿಧಾನದಲ್ಲಿ, ಚಮಚ ಚಮಚವಾಗಿ, ಚೆನ್ನಾಗಿ ಹಬೆಯಾಡುವವರೆಗೆ ಬಿಸಿ ಮಾಡಿ. ನನ್ನನ್ನು ಕೇಳಿದರೆ ಅಷ್ಟು ಕಷ್ಟ ಬೇಡ. ತಣ್ಣಗಿರುವಾಗಲೇ ಪಾವ್ ಒಳಗೆ ದಪ್ಪಗೆ ಸವರಿ, ಕಬ್ಬಿಣದ ತವಾದ ಮೇಲೆ ಎರಡೂ ಕಡೆ ಒತ್ತಿ ಸುಡಿ. ಸ್ವಲ್ಪ ಎಣ್ಣೆ ಬಿಟ್ಟರೂ ಅದನ್ನು ಪಾವ್ ಹೀರಿಕೊಳ್ಳುತ್ತದೆ.